ದಿನಕ್ಕೆ ಐನೂರು ಹೆಜ್ಜೆ

ಸುಮ್ಮನೆ ಕೂರುವುದು ನನಗೆ ಯಾವತ್ತೂ ಒಗ್ಗಿದ್ದಲ್ಲ. ನಾನು ಬೆಳೆದದ್ದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ಅಲ್ಲಿ ಸೈರನ್ ಕೂಗಿದರೆ ಇಡೀ ಬೀದಿ ಎದ್ದು ನಡೆಯುತ್ತಿತ್ತು, ನಾನು ಸೈರನ್ ಇಲ್ಲದೆಯೂ ನಡೆಯುತ್ತಿದ್ದೆ. ತಟ್ಟೆ ಹಿಡಿದುಕೊಂಡು ಓಡಾಡುತ್ತಾ ಊಟ ಮಾಡುತ್ತೇನೆಂದು ಅಮ್ಮ ಬೈಯುತ್ತಿದ್ದರು, ಪುಸ್ತಕ ಹಿಡಿದುಕೊಂಡು ಓಡಾಡುತ್ತಾ ಓದುತ್ತೇನೆಂದು ಅಪ್ಪ. ಮದುವೆಯಾಗಿ ದೊಡ್ಡನೆಕ್ಕುಂದಿಗೆ ಬಂದ ಮೇಲೆ ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಸ್ಟೋರ್ಸಿಗೆ ಸೇರಿದೆ. ನಟ್ಟು, ಬೋಲ್ಟು, ಬೇರಿಂಗುಗಳ ರ‍್ಯಾಕುಗಳ ನಡುವೆ ದಿನವಿಡೀ ಓಡಾಟ. ನನಗೂ ಒಂದು ಕುರ್ಚಿ ಕೊಟ್ಟಿದ್ದರು. ಅದರ ಮೇಲೆ ನನ್ನ ಊಟದ ಡಬ್ಬಿ ಕೂತಿರುತ್ತಿತ್ತು.

ಅಂಥವಳನ್ನು ಡಾಕ್ಟರು ಮಲಗಿಸಿಬಿಟ್ಟರು.

ಮೂರನೆಯ ಸಲ ಬಸುರಿಯಾಗಿದ್ದೆ. ಹಿಂದಿನ ಎರಡೂ ನಿಂತಿರಲಿಲ್ಲ. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ಐದು ತಿಂಗಳಿಗೆ. ಎರಡನೆಯದು ಗಂಡಾಗಿತ್ತು ಎಂದು ನರ್ಸ್ ಹೇಳಿದಳು. ಯಾರೂ ಕೇಳಿರಲಿಲ್ಲ, ಅವಳಾಗಿಯೇ ಹೇಳಿದಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಈ ಸಲ ನಾಲ್ಕನೆಯ ತಿಂಗಳಲ್ಲೇ ಗರ್ಭದ ಬಾಯಿಗೆ ಹೊಲಿಗೆ ಹಾಕಿದ ಡಾಕ್ಟರು, “ಬಾತ್‌ರೂಮಿಗೆ ಹೋಗಿ ಬನ್ನಿ, ಎದ್ದು ಕೂತು ಊಟ ಮಾಡಿ, ಮಿಕ್ಕಿದ್ದೆಲ್ಲಾ ಮಲಗೇ ಇರ್ಬೇಕು” ಎಂದರು. ಎಷ್ಟು ದಿನ ಎಂದು ಕೇಳಿದೆ. “ಮಗು ಬರೋವರ್ಗೂ” ಎಂದರು.

ನನ್ನ ಗಂಡ ದೊಡ್ಡನೆಕ್ಕುಂದಿಯಲ್ಲೇ ಹುಟ್ಟಿ ಬೆಳೆದವರು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಜಮೀನಿನ ಆಸುಪಾಸಿನಲ್ಲಿ ಎದ್ದ ಟೆಕ್ ಪಾರ್ಕಿನಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದರು. ಜನರೇಟರು, ಟ್ರಾನ್ಸ್‌ಫಾರ್ಮರು, ನೀರಿನ ಪಂಪು, ಎಲ್ಲದರ ಮೀಟರನ್ನು ಎರಡು ಗಂಟೆಗೊಮ್ಮೆ ನೋಡಿ ಲಾಗ್ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ರೀಡಿಂಗ್ ಸರಿಯಿದ್ದರೆ ಎಲ್ಲವೂ ಸರಿಯಿದೆ ಎಂದು ನಂಬಿದ ಮನುಷ್ಯ. ಆ ಪಾರ್ಕಿನ ಕಂಪನಿಯೊಂದು ತನ್ನ ಜನ ಕೂತು ಕೂತು ದಪ್ಪವಾಗುತ್ತಿದ್ದಾರೆಂದು ಎಲ್ಲರಿಗೂ ಹೆಜ್ಜೆ ಎಣಿಸುವ ಯಂತ್ರ ಹಂಚಿತಂತೆ. ಮಿಕ್ಕಿದ್ದರಲ್ಲಿ ಒಂದು ಇವರ ಕೈಗೆ ಬಂತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಬಿಳಿ ಪ್ಲಾಸ್ಟಿಕ್ಕು, ಮುಂದೆ ಅಂಕಿ ಕಾಣುವ ಸಣ್ಣ ಕಿಂಡಿ, ಹಿಂದೆ ಒಂದು ಕ್ಲಿಪ್ಪು, ಒಂದೇ ಒಂದು ಹಸಿರು ಗುಂಡಿ. ಗುಂಡಿ ಒತ್ತಿದರೆ ಸೊನ್ನೆ. ಅಲ್ಲಾಡಿಸಿದರೆ ಒಳಗೆ ಏನೋ ಟಿಕ್ ಟಿಕ್ ಎನ್ನುತ್ತಿತ್ತು.

ಜನ ಹೆಚ್ಚು ನಡೆಯಲಿ ಎಂದು ಮಾಡಿದ ಯಂತ್ರ ಅದು. ನನ್ನ ಗಂಡ ಅದನ್ನು ನಾನು ನಡೆಯದಿರಲಿ ಎಂದು ಮನೆಗೆ ತಂದರು.

ಮಂಚದಿಂದ ಬಾತ್‌ರೂಮಿಗೆ ಎಷ್ಟು ಹೆಜ್ಜೆ ಎಂದು ಅವರೇ ನಡೆದು ನೋಡಿದರು. ಹದಿನಾಲ್ಕು. ಹೋಗಿಬರಲು ಇಪ್ಪತ್ತೆಂಟು. ಬಸುರಿ ಹೆಂಗಸು ದಿನಕ್ಕೆ ಎಷ್ಟು ಸಲ ಹೋಗಬಹುದು ಎಂದು ಅವರ ತಾಯಿಯನ್ನು ಕೇಳಿದರು. ನನ್ನನ್ನು ಕೇಳಲಿಲ್ಲ. ಅದೂ ಇದೂ ಸೇರಿಸಿ ಕೊನೆಗೆ, “ಐನೂರು. ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಬೇಡ” ಎಂದು ತೀರ್ಪು ಕೊಟ್ಟರು. ಹಳೆಯ ಲಾಗ್ ಪುಸ್ತಕವೊಂದನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗುಂಡಿ ಒತ್ತಿ ಸೊನ್ನೆ ಮಾಡುವುದು, ಸಂಜೆ ಬಂದು ಚಪ್ಪಲಿ ಬಿಟ್ಟ ಕೂಡಲೇ “ಎಷ್ಟು?” ಎಂದು ಕೇಳಿ ಬರೆದುಕೊಳ್ಳುವುದು. ಜನರೇಟರಿನ ಪಕ್ಕದ ಕಾಲಮ್ಮಿನಲ್ಲಿ ನಾನು.

ಅದನ್ನು ಎಲ್ಲಿ ಸಿಕ್ಕಿಸಿಕೊಳ್ಳುವುದು ಎಂಬುದೇ ಒಂದು ರಗಳೆಯಾಯಿತು. ನೈಟಿಗೆ ಸೊಂಟವೆಲ್ಲಿದೆ? ಕೊರಳಿಗೆ ಸಿಕ್ಕಿಸಿದರೆ ಕೆಮ್ಮಿದರೂ ಎಣಿಸುತ್ತಿತ್ತು, ಟೀವಿ ನೋಡಿ ನಕ್ಕರೂ ಎಣಿಸುತ್ತಿತ್ತು. ಒಂದು ದಿನ ಎದ್ದೇ ಇಲ್ಲದ ಮಧ್ಯಾಹ್ನದಲ್ಲಿ ನಲವತ್ತು ಹೆಜ್ಜೆ ನಕ್ಕುಬಿಟ್ಟಿದ್ದೆ. ಆಮೇಲೆ ಈ ಡಬ್ಬಿಗೋಸ್ಕರವೇ ನೈಟಿಯ ಒಳಗೊಂದು ಲಂಗ ಕಟ್ಟಿ, ಅದರ ಲಾಡಿಗೆ ಸಿಕ್ಕಿಸಿಕೊಳ್ಳತೊಡಗಿದೆ. ಮಗ್ಗುಲಾದರೆ ಪಕ್ಕೆಗೆ ಒತ್ತುತ್ತಿತ್ತು.

ಮೊದಲ ತಿಂಗಳು ಹೇಗೋ ಕಳೆಯಿತು. ಎರಡನೆಯ ತಿಂಗಳಿಗೆ ನನಗೆ ತಲೆ ಕೆಡತೊಡಗಿತು. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರಿನ ಬಾಡಿಗೆ ಮನೆಗಳ ಗೋಡೆ, ಅದರ ಮೇಲೆ ಒಣಗಿದ ಸಿಮೆಂಟಿನ ಕಲೆ. ಆ ಕಲೆಯಲ್ಲಿ ನಾನು ಕಾಣದ ಆಕಾರವಿಲ್ಲ. ಬೀದಿಯಲ್ಲಿ ನೀರಿನ ಟ್ಯಾಂಕರ್ ಬಂದರೆ ಪೈಪ್ ಸರಿಯಾಗಿ ಹಾಕಿದರೋ ಇಲ್ಲವೋ ಎಂದು ಇಲ್ಲಿಂದಲೇ ಕಾಲು ಚಡಪಡಿಸುತ್ತಿತ್ತು. ಫ್ಯಾನಿನ ರೆಕ್ಕೆಯ ಧೂಳು ಕಾಣುತ್ತಿತ್ತು, ಒರೆಸುವ ಹಾಗಿಲ್ಲ. ಬೇಸರವಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ ಇತ್ತು. ಮಲಗಿದಷ್ಟು ಹೊತ್ತೂ ನಾನು ಹೊಟ್ಟೆಯನ್ನೇ ಆಲಿಸುತ್ತಿದ್ದೆ. ಎಲ್ಲೋ ಚುಳುಕ್ ಎಂದರೆ ಇದೇ ಶುರು, ಮುಗಿಯಿತು ಎಂದುಕೊಳ್ಳುತ್ತಿದ್ದೆ. ದಿನಕ್ಕೆ ಹತ್ತು ಸಲ ನಾನು ಆ ಮಗುವನ್ನು ಮನಸ್ಸಿನಲ್ಲೇ ಕಳೆದುಕೊಂಡಿದ್ದೇನೆ. ನಡೆಯುವಾಗ ಮಾತ್ರ, ಆ ಹದಿನಾಲ್ಕು ಹೆಜ್ಜೆಯಷ್ಟು ಹೊತ್ತು, ಹೆದರಿಕೆ ಮರೆಯುತ್ತಿತ್ತು.

ಮನೆಯಲ್ಲಿ ಜೊತೆಗಿದ್ದವರು ಅತ್ತೆ. ಗಟ್ಟಿ ಹೆಂಗಸು, ಮಾತು ಕಡಿಮೆ. ಬೆಳಿಗ್ಗೆಯೇ ಸಾರು ಮಾಡಿಟ್ಟು, ನನಗೆ ತಟ್ಟೆ ಕೊಟ್ಟು, ಹತ್ತೂವರೆಗೆ ಸೆರಗು ಬಿಗಿದು ಹೊರಟುಬಿಡುತ್ತಿದ್ದರು. ಊರ ಹಿಂದಿನ ಅಶ್ವತ್ಥಕಟ್ಟೆಗೆ ದಿನಾ ನೂರೆಂಟು ಸುತ್ತು ಬರುತ್ತೇನೆಂದು ಹರಕೆ ಹೊತ್ತಿದ್ದರು. ನ್ಯಾಯವಾಗಿ ಆ ಸುತ್ತು ಬಸುರಿಯೇ ಹಾಕಬೇಕು. ಅವಳಿಗೆ ಆಗದಿದ್ದರೆ ಮನೆಯ ಹಿರಿಯಳು ಹಾಕಬಹುದು, ಆದರೆ ಬಸುರಿಯ ಮೈಮೇಲಿದ್ದ ಯಾವುದಾದರೂ ಒಂದು ವಸ್ತುವನ್ನು ಜೊತೆಯಲ್ಲಿ ಒಯ್ಯಬೇಕು, ಆಗ ಅದು ಅವಳ ಲೆಕ್ಕಕ್ಕೇ ಸೇರುತ್ತದೆ ಎಂಬುದು ಅವರ ಕಡೆಯ ಪದ್ಧತಿ. ಅದಕ್ಕಾಗಿ ನಾನು ಬಿಚ್ಚಿ ಹಾಕಿದ ರವಿಕೆಯೊಂದನ್ನು ದಿನಾ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಮಂಡಿ ನೋವಿನ ಹೆಂಗಸು ಸುತ್ತು ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿರುತ್ತಿತ್ತು.

ಆ ಎರಡೂವರೆ ಗಂಟೆ ಮನೆಯಲ್ಲಿ ನಾನೊಬ್ಬಳೇ.

ಒಂದು ದಿನ ಎದ್ದು ಕೂತೆ. ಲಾಡಿಯಿಂದ ಡಬ್ಬಿ ತೆಗೆದು ದಿಂಬಿನ ಮೇಲಿಟ್ಟೆ. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ, ಹದಿನೆಂಟು ಮೆಟ್ಟಿಲು, ಒಂದೊಂದಕ್ಕೂ ನಿಂತು ನಿಂತು. ತಾರಸಿಯ ಮೇಲೆ ಬಿಸಿಲಿತ್ತು. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಹೋಗಿ ಬಂದೆ, ಮತ್ತೆ ಹೋಗಿ ಬಂದೆ. ರಿಂಗ್ ರೋಡಿನ ಸದ್ದು ಕೇಳುತ್ತಿತ್ತು. ಅಷ್ಟು ದೂರದಲ್ಲಿ ಜನ ಎಲ್ಲಿಗೋ ಹೋಗುತ್ತಿದ್ದಾರೆ ಎಂಬುದೇ ನನಗೆ ಸಂತೋಷವಾಯಿತು. ಹತ್ತು ನಿಮಿಷಕ್ಕೆ ಕೆಳಗಿಳಿದು ಮಲಗಿದೆ. ಏನೂ ಆಗಲಿಲ್ಲ. ಸಂಜೆ ಗಂಡ “ಎಷ್ಟು?” ಎಂದರು. “ನೂರ ಎಂಬತ್ತು” ಎಂದೆ. “ವೆರಿ ಗುಡ್” ಎಂದು ಬರೆದುಕೊಂಡರು.

ಮಾರನೆಯ ದಿನವೂ ಹೋದೆ. ಮಾಡಬಾರದ್ದನ್ನು ಮಾಡುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು. ಮೆಟ್ಟಿಲು ಹತ್ತುವಾಗ ಹೆದರಿಕೆಯೇ, ಇಳಿಯುವಾಗ ಇನ್ನೂ ಹೆದರಿಕೆ. ನಾಳೆ ಹೋಗುವುದಿಲ್ಲ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಿದ್ದೆ. ಬೆಳಿಗ್ಗೆ ಹತ್ತೂವರೆಗೆ ಗೇಟಿನ ಚಿಲಕದ ಸದ್ದಾದರೆ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು. ಹೀಗೆ ಹತ್ತಿರ ಹತ್ತಿರ ಮೂರು ವಾರ. ಲಾಗ್ ಪುಸ್ತಕದಲ್ಲಿ ಅಂಕಿಗಳು ದಿನೇ ದಿನೇ ಚೆನ್ನಾಗಿ ಕಾಣುತ್ತಿದ್ದವು. ಗಂಡ ನನಗೆ ತಾಳ್ಮೆ ಬಂದಿದೆ ಎಂದು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವರ ಮೇಲೆ ಸಿಟ್ಟು ಬರುತ್ತಿತ್ತು. ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಗೊತ್ತಾಗುತ್ತಿತ್ತು, ಬಿಸಿಲಿಗೆ ಕಪ್ಪಾಗಿದ್ದೆ.

ಆರು ತಿಂಗಳು ತುಂಬಿದ ವಾರ ಅದು. ಒಂದು ಸಂಜೆ ಅವರು ಬಂದಾಗ ನಾನು ತೂಕಡಿಸುತ್ತಿದ್ದೆ. ಕೇಳುವುದರ ಬದಲು ತಾವೇ ಸ್ಟೂಲಿನ ಮೇಲಿದ್ದ ಡಬ್ಬಿ ತೆಗೆದು ನೋಡಿದರು. ನೋಡಿದವರು ಅಲ್ಲೇ ನಿಂತರು. ಕಿಟಕಿಯ ಹತ್ತಿರ ಹೋಗಿ ಮತ್ತೆ ನೋಡಿದರು.

“ಏನಿದು?”

“ಏನು?”

“ನಾಲ್ಕು ಸಾವಿರದ ಮುನ್ನೂರ ಎಂಬತ್ತಾರು.”

ಆ ಬೆಳಿಗ್ಗೆಯೂ ಡಬ್ಬಿಯನ್ನು ದಿಂಬಿನ ಮೇಲಿಟ್ಟೇ ಹೋಗಿದ್ದೆ, ಅದು ಚೆನ್ನಾಗಿ ನೆನಪಿತ್ತು. ಇಳಿದು ಬಂದಾಗ ಅದು ಕಾಣದೆ ಗಾಬರಿಯಾಗಿ ಹುಡುಕಿ, ಸುಸ್ತಾಗಿ ನಿದ್ದೆ ಹೋಗಿದ್ದೆ. ಎದ್ದಾಗ ಸ್ಟೂಲಿನ ಮೇಲೇ ಇತ್ತು. ಸದ್ಯ ಸಿಕ್ಕಿತಲ್ಲ ಎಂದು ಕಿಂಡಿ ನೋಡದೆಯೇ ಬಿಟ್ಟಿದ್ದೆ. ಈಗ ನೋಡಿದರೆ ಈ ಸಂಖ್ಯೆ. ಮೂರು ವಾರ ಕದ್ದು ನಡೆದದ್ದೆಲ್ಲ ಹೇಗೋ ಅದರೊಳಗೆ ಸೇರಿಕೊಂಡು ಇವತ್ತು ಹೊರಗೆ ಬಂದಿದೆ ಎಂದೇ ಆ ಗಳಿಗೆಯಲ್ಲಿ ನನಗನ್ನಿಸಿತು. ತಪ್ಪು ಮಾಡಿದವರ ತಲೆ ಹಾಗೆಯೇ ಓಡುವುದು.

“ಎರಡು ಹೋಗಿರೋದು ಸಾಲ್ದಾ ನಿಂಗೆ?” ಎಂದರು. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿರುತ್ತಿತ್ತು.

“ಹೌದ್ರೀ, ನಡೆದೆ” ಎಂದೆ. “ಇವತ್ತೊಂದು ದಿನ ಅಲ್ಲ, ಮೂರು ವಾರದಿಂದ ತಾರಸಿ ಮೇಲೆ ನಡೀತಾ ಇದೀನಿ. ನಿಮ್ಮ ಡಬ್ಬೀನ ದಿಂಬಿನ ಮೇಲೆ ಮಲಗಿಸಿ ನಾನು ಮೇಲೆ ಹೋಗ್ತೀನಿ. ನೀವು ಬರ್ಕೊಂಡಿರೋದೆಲ್ಲಾ ಸುಳ್ಳು. ಹರಿದು ಬಿಸಾಕಿ ಅದನ್ನ.”

ಅವರು ಮಂಚದ ತುದಿಯಲ್ಲಿ ಕೂತುಬಿಟ್ಟರು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಕೈಯಲ್ಲಿ ರಾಗಿ ಹಿಟ್ಟಿತ್ತು.

“ಅದು ಅವಳದಲ್ಲ ಕಣ್ಲಾ, ನಂದು” ಎಂದರು.

ಆವತ್ತು ಅತ್ತೆ ಅರ್ಧ ದಾರಿಗೆ ಹೋದವರು ರವಿಕೆ ಮರೆತದ್ದು ನೆನಪಾಗಿ ವಾಪಸು ಬಂದಿದ್ದರಂತೆ. ರವಿಕೆಗಳೆಲ್ಲ ಒಗೆಯಲು ನೆನೆದಿದ್ದವಂತೆ. ದಿಂಬಿನ ಮೇಲೆ ಡಬ್ಬಿ ಕಂಡಿತಂತೆ. “ಅಗಲೂ ರಾತ್ರೀನೂ ಅವಳ ಮೈಮ್ಯಾಲೇ ಇರೋ ಸಾಮಾನು. ರವಿಕೆಗಿಂತ ಇದೇ ವಾಸಿ ಅಂತ ಸೆರಗ್ನಲ್ಲಿ ಕಟ್ಕಂಡೆ. ನಾನ್ ಆಕಿದ ಸುತ್ತೆಲ್ಲಾ ಅವಳ ಎಸರಿಗೇ ಬರ್ಕಳ್ಳಲಿ ಅಂತ.” ಕಟ್ಟೆಯಿಂದ ಬಂದು ನಾನು ನಿದ್ದೆ ಮಾಡುತ್ತಿದ್ದಾಗ ಸ್ಟೂಲಿನ ಮೇಲಿಟ್ಟಿದ್ದಾರೆ. ಯಂತ್ರ ಅವರ ಮಾತು ಕೇಳಿತ್ತು. ನೂರೆಂಟು ಸುತ್ತನ್ನೂ ನನ್ನ ಹೆಸರಿಗೇ ಬರೆದಿತ್ತು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅತ್ತೆ ವಾಪಸು ಬಂದಾಗ ಮಂಚ ಖಾಲಿ ಇತ್ತು ಎಂದ ಹಾಗಾಯಿತಲ್ಲ.

ಗಂಡನಿಗೂ ಅದು ಹೊಳೆಯಿತು. “ಅಂದ್ರೆ ನಿಂಗೆ ಗೊತ್ತಿತ್ತೇನಮ್ಮ, ಇವಳು ಮೇಲೆ ಹೋಗೋದು?”

“ಮದಲ್ನೇ ದಿನದಿಂದ್ಲೂ ಗೊತ್ತು. ಕಟ್ಟೆ ತಾವ ನಿಂತ್ರೆ ನಮ್ ತಾರಸಿ ಕಾಣ್ತದೆ.”

“ಗೊತ್ತಿದ್ದೂ ಸುಮ್ನಿದ್ಯಾ?”

ಅತ್ತೆ ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತಾ ಬಾಗಿಲಿಗೆ ಒರಗಿ ನಿಂತರು. ಅವರು ಅಷ್ಟು ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. “ಏಳು ಮಕ್ಕಳ ಬಸುರಿ ನಾನು. ಉಳ್ದಿದ್ದು ನೀನು, ನಿಮ್ಮಕ್ಕ, ಇಬ್ರೇ. ನಿನ್ ಒಟ್ಟೇಲಿಟ್ಕಂಡು ಉಲ್ಲಿನ ಒರೆ ಒತ್ತಿವ್ನಿ, ಬಾವಿ ನೀರು ಸೇದಿವ್ನಿ, ನೀನ್ ನಿಂತೆ. ನಿನ್ ಇಂದಿನದುಕ್ಕೆ ನಿಮ್ಮಜ್ಜಿ ಮೂರು ತಿಂಗ್ಳು ಚಾಪೆ ಬಿಟ್ಟು ಏಳಕ್ ಬಿಡ್ಲಿಲ್ಲ, ಅದು ಓಯ್ತು. ಯಾವುದ್ರಿಂದ ಓಯ್ತು, ಯಾವುದ್ರಿಂದ ನಿಂತ್ತು ಅಂತ ನಾನು ಮೂವತ್ತು ವರ್ಸ ಕೇಳ್ಕಂಡಿವ್ನಿ. ನಂಗೆ ಗೊತ್ತಾಗ್ಲಿಲ್ಲ. ನಿನ್ ಡಬ್ಬಿಗೆ ಗೊತ್ತಾಗಿದ್ರೆ ಯೋಳಪ್ಪ.”

ಹೇಳಿ ಒಳಗೆ ಹೋಗಿ ಮುದ್ದೆ ತಿರುವಿದರು.

ಇಷ್ಟಾದ ಮೇಲೆ ಗಂಡ ಆ ಡಬ್ಬಿಯನ್ನು ಎಸೆದುಬಿಡುತ್ತಾರೆ ಎಂದುಕೊಂಡಿದ್ದೆ. ಬೆಳಿಗ್ಗೆ ಎಂದಿನಂತೆ ಸೊನ್ನೆ ಮಾಡಿ ನನ್ನ ಕೈಗೆ ಕೊಟ್ಟರು. “ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ” ಎಂದರು. ಅಷ್ಟು ಹೇಳಿ ಬೈಕಿನ ಕೀಲಿ ತೆಗೆದುಕೊಂಡು ಹೊರಟರು.

ನನಗೆ ಹಟ ಬಂತು. ಸರಿ, ಮಲಗು ಎಂದರೆ ಮಲಗಿಯೇ ತೋರಿಸುತ್ತೇನೆ. ತಾರಸಿ ಬಿಟ್ಟೆ, ಕಿಟಕಿ ಬಿಟ್ಟೆ. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದೆ, ಅಂಥ ಮೂರ್ಖತನ. ಇನ್ನೂರು, ನೂರೈವತ್ತು, ನೂರ ಹತ್ತು. ಅವರು ಬರೆದುಕೊಳ್ಳುವಾಗ ನಾನು ಅವರ ಪೆನ್ನನ್ನೇ ದಿಟ್ಟಿಸುತ್ತಿದ್ದೆ. ಹಟದ ಕೆಳಗೆ ಬರೀ ಹೆದರಿಕೆಯಿತ್ತು. ಮೂರು ವಾರ ನಡೆದಿದ್ದೇನೆ, ಅದರ ಫಲ ಇನ್ನೂ ಬರಲಿಕ್ಕಿದೆ ಎಂದು ಕಾಯುತ್ತಿದ್ದೆ. ಕಾಲು ಮಾತ್ರ ಹೊದಿಕೆಯೊಳಗೆ ತನ್ನ ಪಾಡಿಗೆ ಆಡುತ್ತಲೇ ಇತ್ತು, ನಿದ್ದೆಯಲ್ಲೂ.

ಎಂಟನೆಯ ತಿಂಗಳು ಹಿಡಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನಗೆ ಒದ್ದೆಯೆನಿಸಿತು. ಹೊದಿಕೆ ಸರಿಸಿದೆ. ರಕ್ತ.

ಇದನ್ನು ನಾನು ಇಲ್ಲಿಯವರೆಗೆ ಬರೆದಿಲ್ಲ, ಬರೆಯದೆ ಬಿಟ್ಟರೆ ಮಿಕ್ಕಿದ್ದೆಲ್ಲ ಬರೆದು ಪ್ರಯೋಜನವಿಲ್ಲ. ಆ ಕ್ಷಣ ನನ್ನ ಕೈ ಹೊಟ್ಟೆಗೆ ಹೋಗಬೇಕಿತ್ತು. ಹೋಗಲಿಲ್ಲ. ಲಾಡಿಗೆ ಹೋಯಿತು. ಡಬ್ಬಿ ತಿರುಗಿಸಿ ನೋಡಿದೆ. ಅರವತ್ತೆರಡು. ಸದ್ಯ ಎಂದುಕೊಂಡೆ. ಸದ್ಯ, ಇದು ನನ್ನ ಮೇಲೆ ಬರುವುದಿಲ್ಲ. ಮಗುವಿನ ನೆನಪು ಬಂದದ್ದು ಅದಾದ ಮೇಲೆ.

ಅತ್ತೆ ಸೊಪ್ಪು ಚೆಲ್ಲಿ ಎದ್ದು ಬಂದು, ನನ್ನ ಕಾಲ ಕೆಳಗೆ ಎರಡು ದಿಂಬು ತುರುಕಿ, ಮಗನಿಗೆ ಫೋನ್ ಮಾಡಿ, ಬೀದಿಗೆ ಓಡಿ ಆಟೋ ನಿಲ್ಲಿಸಿದರು. ಗಂಡ ಬೈಕಿನಲ್ಲಿ ಹತ್ತೇ ನಿಮಿಷಕ್ಕೆ ಬಂದರು. ಮಹದೇವಪುರದ ಆಸ್ಪತ್ರೆಯವರೆಗೂ ಆಟೋ ಕುಲುಕಿತು, ಅತ್ತೆಯ ತೊಡೆಯ ಮೇಲೆ ನನ್ನ ತಲೆ. ಡಾಕ್ಟರು ಸ್ಟ್ರೆಚರಿನ ಪಕ್ಕ ಬಂದು ನಿಂತ ಕೂಡಲೇ ಗಂಡ ಡಬ್ಬಿಯನ್ನು ಅವರ ಮುಂದೆ ಹಿಡಿದರು. “ಮೇಡಂ, ಇದು ಮುನ್ನೂರು ತೋರಿಸ್ತಿದೆ, ಅದು ಆಟೋ ಜರ್ಕಿಗೆ. ಮನೇಲಿ ನಾನೇ ನೋಡ್ದೆ, ಅರವತ್ತೆರಡೇ ಇತ್ತು. ಇವಳು ಒಂಚೂರೂ ಓಡಾಡಿಲ್ಲ ಮೇಡಂ.”

ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದರು.

ಡಾಕ್ಟರು ಅದನ್ನು ನೋಡಲೂ ಇಲ್ಲ. “ಅದನ್ನ ಜೇಬಿಗೆ ಹಾಕ್ಕೊಳಿ. ಇದು ಹೆಜ್ಜೆಯಿಂದ ಆಗಿರೋದಲ್ಲ” ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಕೊಯ್ದು ತೆಗೆದರು. ಹೆಣ್ಣು, ಏಳು ವಾರ ಮುಂಚೆ, ಎರಡು ಅಂಗೈ ತುಂಬುವಷ್ಟು. ಬದುಕಿತ್ತು. ಬದುಕುತ್ತದೆಯೇ ಎಂದು ಕೇಳಿದ್ದಕ್ಕೆ ಮೂರು ದಿನ ನೋಡೋಣ ಎಂದರು.

ಮೂರನೆಯ ದಿನ ನರ್ಸ್ ಬಂದು, “ಏಳಿ ಅಕ್ಕ, ನಡೀರಿ. ನಡೆದ್ರೇನೆ ಗಾಯ ವಾಸಿ ಆಗೋದು. ಪಾಪುನ ನೋಡ್ಬೇಕಂದ್ರೆ ನೀವೇ ಹೋಗ್ಬೇಕು” ಎಂದಳು. ಪಾಪು ಕಾರಿಡಾರಿನ ಆ ತುದಿಯ ಗಾಜಿನ ರೂಮಿನಲ್ಲಿತ್ತು. ಎದ್ದು ನಿಂತರೆ ಕಾಲು ನನ್ನದಲ್ಲ. ಮಲಗಿ ಮಲಗಿ ಮೀನಖಂಡ ಕರಗಿಹೋಗಿತ್ತು. ಗಂಡ ಒಂದು ಕಡೆ ಹಿಡಿದುಕೊಂಡರು, ಇನ್ನೊಂದು ಕಡೆ ಗೋಡೆ. ಅರ್ಧ ದಾರಿಯಲ್ಲಿ ನಿಂತಾಗ ನಾನು ಅವರಿಗೆ ಹೇಳಿದೆ, ರಕ್ತ ಕಂಡಾಗ ಮೊದಲು ಏನು ನೋಡಿದೆ ಎಂದು. ಹೇಳುವಾಗ ಅವರ ಮುಖ ನೋಡಲಿಲ್ಲ.

ಅವರು ನನ್ನನ್ನು ಇನ್ನಷ್ಟು ಸರಿಯಾಗಿ ಹಿಡಿದುಕೊಂಡರು. ಆಮೇಲೆ, “ನಾನೂ ಅದನ್ನೇ ನೋಡಿದ್ದು. ಬಾಗ್ಲಲ್ಲಿ ಬಂದು, ನಿನ್ನ ಮುಖ ನೋಡೋಕಿಂತ ಮುಂಚೆ” ಎಂದರು. “ಏನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ ಕಣೇ ನಂಗೆ. ಎಣಿಸೋದೊಂದು ಗೊತ್ತಿತ್ತು.”

ಕ್ಷಮಿಸಿದೆ ಎಂದರೆ ಸುಳ್ಳಾಗುತ್ತದೆ. ಅವರ ತೋಳನ್ನಂತೂ ಬಿಡಲಿಲ್ಲ, ಬಿಟ್ಟರೆ ಬೀಳುತ್ತಿದ್ದೆ.

ಗಾಜಿನ ಪೆಟ್ಟಿಗೆಯಲ್ಲಿ ನನ್ನ ಮಗಳು ಮಲಗಿದ್ದಳು. ಮಲಗಿದ್ದಳು ಎನ್ನುವುದು ತಪ್ಪು. ಕಡ್ಡಿಯಂಥ ಎರಡು ಕಾಲನ್ನೂ ಒಂದೇ ಸಮ ಒದೆಯುತ್ತಿದ್ದಳು. ಪಾದಕ್ಕೆ ಅಂಟಿಸಿದ್ದ ವೈರು ಕಿತ್ತುಬಂದಿತ್ತು. ಅಲ್ಲಿದ್ದ ನರ್ಸ್ ಅದನ್ನು ಮತ್ತೆ ಅಂಟಿಸುತ್ತಾ, “ಬೆಳಿಗ್ಗೆಯಿಂದ ನಾಲ್ಕನೇ ಸಲ ಇದು. ಒಂದ್ ನಿಮಿಷ ಸುಮ್ನೆ ಇರಲ್ಲ ನಿಮ್ಮ ಪಾಪು. ಕಾಲು ಬಟ್ಟೇಲಿ ಸುತ್ತಿಬಿಡ್ಲಾ ಸಾರ್?” ಎಂದಳು. ನನ್ನನ್ನು ಕೇಳಲಿಲ್ಲ, ಇವರನ್ನು ಕೇಳಿದಳು.

“ಬೇಡ ಸಿಸ್ಟರ್. ಒದೀಲಿ ಬಿಡಿ” ಎಂದರು ಇವರು.

ನಾಲ್ಕು ತಿಂಗಳು ನನಗೆ ಒಮ್ಮೆಯೂ ಹೇಳದ ಮಾತನ್ನು ಮೂರು ದಿನದ ಕೂಸಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟರು. ನನಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರ ತೋಳು ಹಿಡಿದುಕೊಂಡು, ಗಾಜಿಗೆ ಹಣೆಯೊತ್ತಿ ಅತ್ತುಬಿಟ್ಟೆ.